ಪ್ಯಾಕೇಜ್ ಅಂಕಿಯ ಜೊತೆಗೆ ಎಂಬಿಎ ಮಕ್ಕಳ ಚಳಿಗಾಲದ ದಿನಚರಿಯೂ ಮನೆಗೆ ತಿಳಿಯಲಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಪತ್ರಿಕೆಗಳ ಶಿಕ್ಷಣ ಪುಟದಲ್ಲಿ ಎಂಬಿಎ ಕಾಲೇಜುಗಳ ಪ್ಯಾಕೇಜ್, ಅಂದರೆ ಮಕ್ಕಳಿಗೆ ಸಿಕ್ಕ ನೌಕರಿಯ ವರ್ಷದ ಸಂಬಳದ ಸುದ್ದಿ ಶುರುವಾಗುತ್ತದೆ. ಅತಿ ಹೆಚ್ಚು ಇಷ್ಟು ಲಕ್ಷ, ಸರಾಸರಿ ಇಷ್ಟು ಲಕ್ಷ. ಕಲಬುರಗಿ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಮಕ್ಕಳನ್ನು ಪುಣೆಗೆ ಓದಲು ಕಳಿಸಿದ ಮನೆಗಳಲ್ಲಿ ಆ ಅಂಕಿಯದೇ ಮಾತು. ಆದರೆ ಆ ಅಂಕಿಯ ಹಿಂದಿನ ನಾಲ್ಕು ತಿಂಗಳು ಮಗ ಅಥವಾ ಮಗಳು ಹೇಗೆ ಕಳೆಯುತ್ತಾರೆ, ಅದರಲ್ಲಿ ಮನೆಯವರ ಪಾಲೇನು ಎಂಬುದು ಎಲ್ಲೂ ಅಚ್ಚಾಗುವುದಿಲ್ಲ. ಪುಣೆಯ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಪಾಠ ಹೇಳುವ, ಪ್ಲೇಸ್‌ಮೆಂಟ್ ಅಂದರೆ ಕಾಲೇಜಿನಲ್ಲೇ ನೌಕರಿಗೆ ಆಯ್ಕೆ ನಡೆಸುವ ಕೆಲಸ ನೋಡಿಕೊಳ್ಳುವ, ಇಲ್ಲಿಯೇ ಓದಿ ಇಲ್ಲಿಯೇ ಉಳಿದ ಕೆಲವು ಕನ್ನಡಿಗರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಚಳಿಗಾಲದಲ್ಲಿ ಮಕ್ಕಳು ಎಡವುವುದು ದೊಡ್ಡ ವಿಷಯಗಳಲ್ಲಿ ಕಡಿಮೆ. ಬಿಸಿನೀರು, ನಿದ್ದೆ, ರೈಲು ಟಿಕೆಟ್, ಸಾಲದ ಕಾಗದದಂಥ ಸಣ್ಣ ವಿಷಯಗಳಲ್ಲಿಯೇ ಹೆಚ್ಚು. ಅವುಗಳಲ್ಲಿ ಅರ್ಧದಷ್ಟನ್ನು ಮನೆಯವರು ಊರಲ್ಲಿ ಕುಳಿತೇ ಹಗುರ ಮಾಡಬಹುದು.

ನವೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಎಷ್ಟು ಕೆಲಸ ಒಂದರ ಮೇಲೊಂದು ಬೀಳುತ್ತದೆ ನೋಡಿ. ಒಂದು ಅವಧಿಯ ಪರೀಕ್ಷೆ ಮುಗಿದು ಇನ್ನೊಂದರ ತರಗತಿ ಆರಂಭವಾಗುತ್ತದೆ. ಮೊದಲ ವರ್ಷದವರಿಗೆ ಏಪ್ರಿಲ್-ಮೇ ತಿಂಗಳಲ್ಲಿ ಕಂಪನಿಗಳಲ್ಲಿ ಕೆಲಸ ಕಲಿಯುವ ಇಂಟರ್ನ್‌ಶಿಪ್‌ಗೆ ಆಯ್ಕೆ, ಎರಡನೇ ವರ್ಷದವರಿಗೆ ನೌಕರಿಗೆ ಆಯ್ಕೆ ನಡೆಯುತ್ತದೆ. ಕಾಲೇಜು ಹಬ್ಬ, ಹೊರಗಿನ ಸ್ಪರ್ಧೆಗಳೂ ಇದೇ ಹೊತ್ತಿಗೆ. ಊರಿನಲ್ಲಿ ಮದುವೆಗಳ ಸುಗ್ಗಿಯೂ ಇದೇ. ಸಂಸ್ಥೆಯಿಂದ ಸಂಸ್ಥೆಗೆ ತಾರೀಖು ಹಿಂದೆಮುಂದೆ ಆದರೂ ಈ ನಾಲ್ಕು ತಿಂಗಳು ಬಿಗಿಯಾಗಿರುತ್ತವೆ ಎಂಬುದರಲ್ಲಿ ವ್ಯತ್ಯಾಸವಿಲ್ಲ.

ಒಂದು ಸಾಮಾನ್ಯ ದಿನ ಹೀಗಿರುತ್ತದೆ. ಬೆಳಗ್ಗೆ ಎಂಟೂವರೆ ಅಥವಾ ಒಂಬತ್ತಕ್ಕೆ ತರಗತಿ. ತೊಂಬತ್ತು ನಿಮಿಷದ ಮೂರು-ನಾಲ್ಕು ಪಾಠ. ಸಂಜೆ ಯಾವುದಾದರೂ ಕಂಪನಿಯವರು ಬಂದು ತಮ್ಮ ಕೆಲಸದ ಬಗ್ಗೆ ಹೇಳುವ ಪ್ರೀ ಪ್ಲೇಸ್‌ಮೆಂಟ್ ಟಾಕ್. ಅದಕ್ಕೆ ಹಾಜರಾಗದವರ ಹೆಸರನ್ನು ಆ ಕಂಪನಿಯ ಪಟ್ಟಿಯಿಂದ ತೆಗೆಯುವ ಪದ್ಧತಿ ಬಹಳ ಕಡೆ ಇದೆ. ಎಂಟಕ್ಕೆ ಮೆಸ್ಸಿನಲ್ಲಿ ಊಟ. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಐದಾರು ಜನರ ಗುಂಪಿಗೆ ಒಂದು ಪ್ರಾಜೆಕ್ಟ್ ಕೊಟ್ಟಿರುತ್ತಾರೆ. ಒಬ್ಬರದು ಮಾರ್ಕೆಟಿಂಗ್ ತರಗತಿ, ಇನ್ನೊಬ್ಬರದು ಫೈನಾನ್ಸ್, ಮತ್ತೊಬ್ಬರು ಯಾವುದೋ ಸಮಿತಿಯಲ್ಲಿ. ಎಲ್ಲರಿಗೂ ಬಿಡುವಾಗುವುದು ರಾತ್ರಿ ಹತ್ತಕ್ಕೆ. ಒಪ್ಪಿಸಬೇಕಾದ ಗಡುವು 11:59. ಗಡುವಿಗೆ ಐದು ನಿಮಿಷ ಇರುವಾಗ ಇಡೀ ತರಗತಿ ಒಟ್ಟಿಗೆ ಫೈಲ್ ಏರಿಸಲು ಹೋಗುವುದರಿಂದ ಕಾಲೇಜಿನ ಸೈಟು ನಿಧಾನವಾಗುತ್ತದೆ. ಬೇರೆಬೇರೆಯವರು ಬರೆದ ತುಂಡುಗಳನ್ನು ಕೊನೆಯಲ್ಲಿ ಅಂಟಿಸಿದ್ದರಿಂದ ಮೂರನೇ ಪುಟದ ಮಾರಾಟದ ಅಂಕಿಗೂ ಒಂಬತ್ತನೇ ಪುಟದ ಅಂಕಿಗೂ ತಾಳೆಯಾಗುವುದಿಲ್ಲ. ಹೊರಗಿನಿಂದ ನಕಲಿಸಿದ ಸಾಲುಗಳು ತಂತ್ರಾಂಶದ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಗುಂಪಿನ ಎಲ್ಲರಿಗೂ ಸೊನ್ನೆ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ, ಶಿಸ್ತು ಬೇಕು ಅಷ್ಟೇ. ಕೆಲಸ ಕೊಟ್ಟ ದಿನವೇ ಊಟಕ್ಕೆ ಮುಂಚೆ ಅರ್ಧ ತಾಸು ಕೂತು ಹಂಚಿಕೊಳ್ಳಬೇಕು. ಅಂಕಿಗಳೆಲ್ಲ ಒಂದೇ ಎಕ್ಸೆಲ್ ಹಾಳೆಯಲ್ಲಿರಬೇಕು, ಅದನ್ನು ತಿದ್ದುವ ಹಕ್ಕು ಒಬ್ಬರಿಗೇ ಇರಬೇಕು. ಗಡುವಿನ ದಿನ ರಾತ್ರಿ ಒಂಬತ್ತಕ್ಕೆ ಬರವಣಿಗೆ ನಿಲ್ಲಿಸಿ, ಒಬ್ಬರು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಹತ್ತಕ್ಕೆ ಏರಿಸಿಬಿಡಬೇಕು. ಕೇಸ್ ಸ್ಟಡಿ, ಅಂದರೆ ಯಾವುದೋ ಕಂಪನಿ ಎದುರಿಸಿದ ಸಮಸ್ಯೆಯ ವಿವರ ಓದುವುದಕ್ಕೂ ಒಂದು ಕ್ರಮವಿದೆ. ಇಪ್ಪತ್ತು ಪುಟದ ಕೇಸನ್ನು ಮೊದಲ ಸಾಲಿನಿಂದ ಓದುತ್ತ ಹೋದರೆ ಹತ್ತನೇ ಪುಟಕ್ಕೆ ನಿದ್ದೆ ಬರುತ್ತದೆ. ಮೊದಲ ಪುಟ, ಕೊನೆಯ ಪುಟ, ಆಮೇಲೆ ಹಿಂದಿರುವ ಕೋಷ್ಟಕಗಳು. ನಿರ್ಧಾರ ಯಾರದ್ದು, ಯಾವಾಗಿನೊಳಗೆ ಎಂದು ಒಂದು ಸಾಲಿನಲ್ಲಿ ಬರೆದುಕೊಂಡು, ಕೊನೆಗೆ ನಡುವಿನ ಭಾಗ. ಹೀಗೆ ಓದಿದರೆ ಒಂದೂವರೆ ತಾಸು ಸಾಕು. ರಾತ್ರಿ ಹನ್ನೆರಡಕ್ಕೆ ಮಲಗಿದರೂ ಏಳಕ್ಕೆ ಏಳಬಹುದು. ಎರಡಕ್ಕೆ ಮಲಗುವ ಅಭ್ಯಾಸ ಬಿದ್ದವರು ಜನವರಿಯ ಚಳಿಯಲ್ಲಿ ಮೊದಲ ತರಗತಿ ತಪ್ಪಿಸತೊಡಗುತ್ತಾರೆ.

ತಪ್ಪಿಸಿದರೆ ಏನಾಗುತ್ತದೆ ಎಂಬ ಲೆಕ್ಕ ಮನೆಯವರಿಗೂ ಗೊತ್ತಿರಲಿ. ಬಹುತೇಕ ಕಡೆ ಶೇ 75ರಷ್ಟು ಹಾಜರಿ ಕಡ್ಡಾಯ. ಒಂದು ವಿಷಯಕ್ಕೆ ಇಪ್ಪತ್ತು ತರಗತಿ ಇದ್ದರೆ ತಪ್ಪಿಸಬಹುದಾದದ್ದು ಐದು. ಜ್ವರಕ್ಕೆ ಎರಡು, ಸಂದರ್ಶನ ನಡೆದ ದಿನಗಳಿಗೆ ಎರಡು ಹೋದರೆ ಉಳಿಯುವುದು ಒಂದೇ. ಸೋದರತ್ತೆಯ ಮಗನ ಮದುವೆಗೆ ಮೂರು ದಿನ ಬಾ ಎಂದು ಒತ್ತಾಯಿಸಿದರೆ ಆ ಒಂದೂ ಹೋಗಿ, ಪರೀಕ್ಷೆಗೆ ಕೂರುವ ಅವಕಾಶ ತಪ್ಪುತ್ತದೆ. ಬಳಗದ ಮದುವೆಗೆ ಬರಬೇಡ ಎನ್ನುವುದು ನಮ್ಮ ಕಡೆ ಸುಲಭದ ಮಾತಲ್ಲ, ಅದು ನಮಗೂ ಗೊತ್ತು. ಆದರೂ ತಾರೀಖು ತಿಳಿದ ಕೂಡಲೇ ಮಕ್ಕಳ ವೇಳಾಪಟ್ಟಿ ಕೇಳಿ, ಅಕ್ಷತೆಯ ಒಂದು ದಿನಕ್ಕೆ ಮಾತ್ರ ಕರೆಯಿರಿ.

ಇನ್ನು ಚಳಿ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಚಳಿಗಾಲದಲ್ಲಿ ಆಕಾಶ ಶುಭ್ರ, ಗಾಳಿ ಒಣ. ಹಗಲಿನ ಕಾವನ್ನು ನೆಲ ರಾತ್ರಿ ಬೇಗ ಬಿಟ್ಟುಕೊಡುತ್ತದೆ. ಅದಕ್ಕೇ ಮಧ್ಯಾಹ್ನ 29-30 ಡಿಗ್ರಿ ಇದ್ದದ್ದು ಬೆಳಗಿನ ಜಾವ 10ರ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಪಾಷಾಣದಂಥ ಕೆಲವು ಅಂಚಿನ ಪ್ರದೇಶಗಳಲ್ಲಿ ಪೇಟೆಗಿಂತ ಚಳಿ ಹೆಚ್ಚು. ಅನೇಕ ಮ್ಯಾನೇಜ್‌ಮೆಂಟ್ ಕಾಲೇಜುಗಳು ಇರುವುದೂ ಊರಿನ ಅಂಚಿನಲ್ಲೇ. ಜನವರಿ ಮೊದಲ ವಾರ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ, ಅತಿ ಹೆಚ್ಚು ಚಳಿ ಇರುವುದು ಅದಕ್ಕೆ ಸ್ವಲ್ಪ ಮೊದಲು. ಮಗ ಹಾಸಿಗೆಯಿಂದ ಏಳುವುದೂ ಆಗಲೇ. ಒಂದೇ ದಿನದಲ್ಲಿ ಇಪ್ಪತ್ತು ಡಿಗ್ರಿ ಏರಿಳಿಯುವ ಊರಿಗೆ ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳು ಪದರ ಮೇಲು. ಒಳಗೆ ಅರ್ಧ ತೋಳಿನ ಸ್ವೆಟರ್, ಮೇಲೆ ಗಾಳಿ ತಡೆಯುವ ವಿಂಡ್‌ಚೀಟರ್. ಬೈಕಿನಲ್ಲಿ ಹೋಗುವವರಿಗೆ ಸ್ವೆಟರ್ ಒಂದರಿಂದಲೇ ಏನೂ ಆಗುವುದಿಲ್ಲ, ಗಾಳಿ ಅದರ ಎಳೆಗಳ ಮೂಲಕ ನುಗ್ಗುತ್ತದೆ. ಊರಿಂದ ಕಳಿಸುವುದಾದರೆ ಒಂದು ಒಳ್ಳೆ ಕೌದಿ ಕಳಿಸಿ. ಹಾಸ್ಟೆಲಿನ ತೆಳು ಹಾಸಿಗೆಯ ಮೇಲೆ ಅದನ್ನೇ ಹಾಸಿಕೊಂಡರೆ ಕೆಳಗಿನಿಂದ ಬರುವ ತಂಪು ನಿಲ್ಲುತ್ತದೆ.

ಬಿಸಿನೀರಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ, ಏಕೆಂದರೆ ಇದರಲ್ಲಿ ಜೀವದ ಪ್ರಶ್ನೆ ಇದೆ. ಹಾಸ್ಟೆಲುಗಳಲ್ಲಿ ಹೆಚ್ಚಾಗಿ ಸೋಲಾರ್ ನೀರು. ಅದರ ಟ್ಯಾಂಕ್ ಅತಿ ಬಿಸಿಯಾಗಿರುವುದು ಸಂಜೆ; ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ತಣಿದು, ಬೆಳಗ್ಗೆ ಮೊದಲ ಹತ್ತಿಪ್ಪತ್ತು ಜನಕ್ಕೆ ಖಾಲಿಯಾಗುತ್ತದೆ. ಮುಂಜಾನೆ ನಲ್ಲಿ ತಿರುಗಿಸಿದರೆ ಮೊದಲು ಬರುವುದು ರಾತ್ರಿ ಪೈಪಿನಲ್ಲೇ ನಿಂತು ಆರಿದ ನೀರು. ನೀರು ಬಿಸಿ ಇಲ್ಲವೆಂದು ವಾಪಸು ಹೋಗುವವರು ಅದೊಂದು ಬಕೆಟ್ ಬಟ್ಟೆ ನೆನೆಸಲು ತೆಗೆದಿಟ್ಟು ಕಾದರೆ ಬಿಸಿ ಬರುತ್ತದೆ. ಇನ್ನೂ ಒಳ್ಳೆಯ ದಾರಿ ಎಂದರೆ ಸಂಜೆ ಆರು-ಏಳರ ನಡುವೆ ಸ್ನಾನ ಮಾಡಿ, ಬೆಳಗ್ಗೆ ಮುಖ ತೊಳೆದು ಹೊರಡುವುದು. ಎರಡು ದಿನ ಮೋಡ ಕವಿದರೆ ಸೋಲಾರ್ ಕೈಕೊಡುತ್ತದೆ ಎಂಬುದು ನೆನಪಿರಲಿ. ಸಂದರ್ಶನ ಇರುವ ವಾರದಲ್ಲಿ ಆಕಾಶ ನೋಡಿಕೊಳ್ಳಬೇಕು.

ಹೊರಗೆ ಬಾಡಿಗೆ ಕೋಣೆಯಲ್ಲಿರುವವರು ಬಕೆಟಿಗೆ ಹೀಟರ್ ಕಾಯಿಲ್ ಹಾಕುತ್ತಾರೆ. ಇಪ್ಪತ್ತು ಲೀಟರ್ ನೀರು 18 ಡಿಗ್ರಿಯಿಂದ 40ಕ್ಕೆ ಬರಲು 1000 ವಾಟಿನ ಕಾಯಿಲಿಗೆ ಅರ್ಧ ತಾಸು, 1500 ವಾಟಿನದಕ್ಕೆ ಇಪ್ಪತ್ತು ನಿಮಿಷ ಬೇಕು; ಎರಡಕ್ಕೂ ಅರ್ಧ ಯೂನಿಟ್ ವಿದ್ಯುತ್ತೇ ಖರ್ಚು. 1500 ವಾಟಿನ ಕಾಯಿಲ್ ಎಳೆಯುವುದು ಆರೂವರೆ ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ ಪಾಯಿಂಟಿನ ಮಿತಿ ಆರು. ಅದರಲ್ಲಿ, ಅದೂ ಎಕ್ಸ್‌ಟೆನ್ಷನ್ ಬೋರ್ಡ್ ಮೂಲಕ ಹಾಕಿದರೆ ಬೋರ್ಡ್ ಕಾದು ಕರಗುತ್ತದೆ. ದಪ್ಪ ಮೂರು ಕಡ್ಡಿಯ 16 ಆಂಪಿಯರ್ ಪಾಯಿಂಟೇ ಆಗಬೇಕು, ಇಲ್ಲದಿದ್ದರೆ 1000 ವಾಟಿನದನ್ನೇ ಕೊಳ್ಳಬೇಕು. ಲೋಹದ ಬಕೆಟ್ ಬೇಡ. ಕಾಯಿಲಿನ ಮೇಲಿರುವ ಗುರುತಿನವರೆಗೆ ನೀರಿರಬೇಕು. ನೀರು ಬಿಸಿಯಾಯಿತೇ ಎಂದು ಬೆರಳು ಅದ್ದುವ ಮೊದಲು ಸ್ವಿಚ್ ಆರಿಸಿ ಪ್ಲಗ್ಗನ್ನೂ ಕೀಳಬೇಕು. ಹಾಸ್ಟೆಲಿನಲ್ಲಿ ಇದನ್ನು ನಿಷೇಧಿಸಿದ್ದರೆ ಕಾರಣವಿದೆ, ಕದ್ದು ಬಳಸುವುದು ಬೇಡ.

ಕಾಯಿಲಿಗಿಂತ ಅಪಾಯದ್ದು ಗ್ಯಾಸ್ ಗೀಸರ್. ಪುಣೆಯ ಬಾಡಿಗೆ ಫ್ಲಾಟುಗಳಲ್ಲಿ ಇದು ಸಾಮಾನ್ಯ. ಚಳಿ ಎಂದು ಬಚ್ಚಲಿನ ಕಿಟಕಿ ಮುಚ್ಚಿ ಒಳಗಿನ ಗೀಸರ್ ಹೊತ್ತಿಸಿದರೆ, ಆಮ್ಲಜನಕ ಸಾಲದೆ ಅನಿಲ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಇಲ್ಲದೆ ಮನುಷ್ಯ ಕುಸಿಯುತ್ತಾನೆ. ಒಬ್ಬರ ಹಿಂದೊಬ್ಬರು ನಾಲ್ಕು ಜನ ಸ್ನಾನ ಮಾಡುವ ಫ್ಲಾಟಿನಲ್ಲಿ ನಾಲ್ಕನೆಯವರಿಗೆ ಅಪಾಯ ಹೆಚ್ಚು. ಮನೆ ನೋಡಲು ಹೋದಾಗಲೇ ಗೀಸರ್ ಎಲ್ಲಿದೆ ಎಂದು ನೋಡಿ. ಅದು ಬಾಲ್ಕನಿಯಲ್ಲೋ ಗಾಳಿಯಾಡುವ ಹೊರಗೋಡೆಯಲ್ಲೋ ಇದ್ದು, ಪೈಪಿನಲ್ಲಿ ನೀರು ಮಾತ್ರ ಒಳಗೆ ಬರಬೇಕು. ಬಚ್ಚಲಿನೊಳಗೇ ಇದ್ದರೆ ಮಾಲೀಕರಿಗೆ ಹೇಳಿ ಹೊರಗೆ ಹಾಕಿಸಿ, ಇಲ್ಲವೇ ವಿದ್ಯುತ್ ಗೀಸರ್ ಕೇಳಿ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿದ ಮೇಲೆ ಸ್ನಾನ. ಯಾರಾದರೂ ಕುಸಿದರೆ ಗ್ಯಾಸ್ ಬಂದ್ ಮಾಡಿ, ಅವರನ್ನು ಬಯಲಿಗೆ ಎಳೆದು ತಂದು 108ಕ್ಕೆ ಕರೆ ಮಾಡಬೇಕು. ಈ ಒಂದು ಪ್ಯಾರಾವನ್ನಾದರೂ ತಂದೆ-ತಾಯಿ ಮಕ್ಕಳಿಗೆ ಓದಿ ಹೇಳಲಿ ಎಂಬುದು ನಮ್ಮ ಕಳಕಳಿಯ ವಿನಂತಿ.

ಬಟ್ಟೆಯ ವಿಷಯದಲ್ಲಿ ಹೇಳುವುದು ಸ್ವಲ್ಪವೇ. ಸಂದರ್ಶನಕ್ಕೆ ಕಡುನೀಲಿ ಅಥವಾ ಕಡುಬೂದು ಬಣ್ಣದ ಒಂದು ಸೂಟ್, ಎರಡು ತಿಳಿಬಣ್ಣದ ಅಂಗಿ, ಒಂದು ಜೊತೆ ಕರಿ ಬೂಟು ಸಾಕು. ಹೊಲಿಸುವುದಾದರೆ ದಸರೆಯ ಹೊತ್ತಿಗೇ ಕೊಡಬೇಕು. ಮದುವೆಯ ಕಾಲ ಶುರುವಾದ ಮೇಲೆ ಲಕ್ಷ್ಮಿ ರಸ್ತೆಯ ಟೇಲರುಗಳೂ ಡ್ರೈಕ್ಲೀನಿಂಗ್ ಅಂಗಡಿಗಳೂ ಹೇಳಿದ ದಿನಕ್ಕೆ ಕೊಡುವುದು ಕಷ್ಟ. ಪುಣೆಯ ಮಧ್ಯಾಹ್ನಕ್ಕೆ ಪೂರ್ತಿ ಉಣ್ಣೆಯ ಬಟ್ಟೆ ಬೇಡ, ಮಿಶ್ರ ನೂಲಿನದೇ ಸರಿ.

ಪ್ಲೇಸ್‌ಮೆಂಟ್ ನಡೆಯುವ ರೀತಿ ಊರಿನಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಕಂಪನಿ ಮೊದಲು ಕೆಲಸದ ವಿವರ ಕಳಿಸುತ್ತದೆ. ಆಸಕ್ತರ ಒಂದು ಪುಟದ ಸಿವಿ (ಓದು, ಅನುಭವ, ಸಾಧನೆಗಳ ವಿವರ) ನೋಡಿ ಪಟ್ಟಿ ಮಾಡುತ್ತದೆ. ಆಮೇಲೆ ಲಿಖಿತ ಪರೀಕ್ಷೆ, ಎಂಟು-ಹತ್ತು ಜನರ ಗುಂಪು ಚರ್ಚೆ, ಕೊನೆಗೆ ಸಂದರ್ಶನ. ಸಿವಿಯ ಪ್ರತಿ ಸಾಲಿಗೂ ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ಪಿಯುಸಿಯಲ್ಲಿ ಗೆದ್ದ ಪ್ರಬಂಧ ಸ್ಪರ್ಧೆಯ ಪ್ರಮಾಣಪತ್ರ ಊರಿನ ಬೀರುವಿನಲ್ಲಿದ್ದರೆ ಅದರ ಸ್ಕ್ಯಾನ್ ಅಕ್ಟೋಬರಿನಲ್ಲೇ ಕಳಿಸಿಕೊಡಿ. ಸಿವಿಯಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪೆಂದರೆ ತಳಹದಿ ಇಲ್ಲದ ಅಂಕಿ. ‘ಮಾರಾಟ ಶೇ 40 ಹೆಚ್ಚಿಸಿದೆ’ ಎಂದು ಬರೆದವರನ್ನು ಎಷ್ಟರಿಂದ ಎಷ್ಟಕ್ಕೆ, ಎಷ್ಟು ವಾರದಲ್ಲಿ, ಅದರಲ್ಲಿ ನಿನ್ನ ಪಾಲೆಷ್ಟು ಎಂದು ಕೇಳುತ್ತಾರೆ. ಉತ್ತರ ಇಲ್ಲದಿದ್ದರೆ ಉಳಿದ ಸಾಲುಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಗುಂಪು ಚರ್ಚೆಯಲ್ಲಿ ಮೊದಲು ಮಾತಾಡಿದವರೇ ಗೆಲ್ಲುತ್ತಾರೆ ಎಂಬುದು ತಪ್ಪು ತಿಳಿವಳಿಕೆ. ಹದಿನೈದು ನಿಮಿಷದಲ್ಲಿ ಮೂರು ಸಲ, ಪ್ರತಿ ಸಲವೂ ಹೊಸ ಅಂಶವೊಂದನ್ನು ಹೇಳಿದರೆ ಸಾಕು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇಂಗ್ಲಿಷಿನಲ್ಲಿ ವಾಕ್ಯ ಕಟ್ಟುತ್ತಾ ಕೂರುವುದರಿಂದ ಅವಕಾಶ ಕಳೆದುಕೊಳ್ಳುತ್ತಾರೆ. ಸಣ್ಣ ವಾಕ್ಯ, ಒಂದು ಉದಾಹರಣೆ, ಅಷ್ಟೇ ರೂಢಿ ಮಾಡಿಕೊಂಡರೆ ಒಂದು ತಿಂಗಳಲ್ಲಿ ನಾಲಿಗೆ ತಿರುಗುತ್ತದೆ. ಈ ಮಕ್ಕಳಲ್ಲಿ ವಿಷಯ ಇರುತ್ತದೆ, ಅದು ಹೊರಗೆ ಬರಬೇಕಷ್ಟೇ.

ಒಂದು ನಿಯಮವನ್ನು ಮನೆಯವರು ತಿಳಿಯಲೇಬೇಕು. ಬಹಳಷ್ಟು ಸಂಸ್ಥೆಗಳಲ್ಲಿ ಒಂದು ಕೆಲಸ ಸಿಕ್ಕಿತೆಂದರೆ ವಿದ್ಯಾರ್ಥಿ ಮುಂದಿನ ಕಂಪನಿಗಳಿಗೆ ಕೂರುವಂತಿಲ್ಲ, ಉಳಿದವರಿಗೂ ಅವಕಾಶ ಸಿಗಲಿ ಎಂದು. ‘ಇದು ಬೇಡ ಅನ್ನು, ಮುಂದಿನ ವಾರ ಇನ್ನೂ ಒಳ್ಳೆಯದು ಬರಬಹುದು’ ಎಂದು ಫೋನಿನಲ್ಲಿ ಹೇಳುವ ಅಪ್ಪನಿಗೆ ಈ ನಿಯಮ ಗೊತ್ತಿರುವುದಿಲ್ಲ. ಯಾವ ಕಂಪನಿಗೆ ಅರ್ಜಿ ಹಾಕಬೇಕು ಎಂಬ ಮಾತು ಅರ್ಜಿಗೆ ಮೊದಲೇ ಆಗಬೇಕು, ಆಯ್ಕೆಯಾದ ಮೇಲಲ್ಲ. ಹಾಗೆಯೇ ಡಿಸೆಂಬರಿನಲ್ಲಿ ಕೆಲಸ ಸಿಗದಿದ್ದರೆ ಎಲ್ಲ ಮುಗಿಯಿತೆಂದೂ ಅಲ್ಲ. ಕಂಪನಿಗಳು ಮಾರ್ಚ್‌ವರೆಗೂ, ಕೆಲವು ಕಡೆ ಅದಾದ ಮೇಲೂ ಬರುತ್ತವೆ. ದಿನಾ ರಾತ್ರಿ ‘ಆಯ್ತಾ? ಅವನಿಗೆ ಆಯ್ತಂತಲ್ಲ?’ ಎಂದು ಕೇಳುವ ಬದಲು ‘ಊಟ ಆಯ್ತಾ?’ ಎಂದು ಕೇಳಿದರೆ ಮಗಳಿಗೆ ಎಷ್ಟೋ ಬಲ.

ಈಗ ಪ್ಯಾಕೇಜ್. ವರ್ಷಕ್ಕೆ 12 ಲಕ್ಷ ಎಂದು ಪತ್ರಿಕೆಯಲ್ಲಿ ಬಂದರೆ ತಿಂಗಳಿಗೆ ಒಂದು ಲಕ್ಷ ಕೈಗೆ ಬರುತ್ತದೆ ಎಂದು ಊರಿನಲ್ಲಿ ಲೆಕ್ಕ ಹಾಕುತ್ತಾರೆ. ಉದಾಹರಣೆಗೆ ಒಂದು ಲೆಕ್ಕ ಬಿಡಿಸೋಣ. ಅದರಲ್ಲಿ ಶೇ 15, ಅಂದರೆ 1,80,000 ರೂಪಾಯಿ ವರ್ಷದ ಕೊನೆಗೆ ಕೆಲಸ ನೋಡಿ ಕೊಡುವ ಮೊತ್ತ ಎಂದುಕೊಳ್ಳಿ. ಮೂಲ ವೇತನ 6 ಲಕ್ಷ ಎಂದಿದ್ದರೆ ಕಂಪನಿ ಕಟ್ಟುವ ಶೇ 12ರ ಭವಿಷ್ಯನಿಧಿ 72,000. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಮೊತ್ತಕ್ಕೆಂದು ಮೂಲ ವೇತನದ ಶೇ 4.81, ಸುಮಾರು 28,900. ಇದು ಸಾಮಾನ್ಯವಾಗಿ ಐದು ವರ್ಷ ಕೆಲಸ ಮಾಡಿದವರಿಗೆ ಸಿಗುವಂಥದ್ದು. ಇವನ್ನೆಲ್ಲ ಕಳೆದರೆ ಉಳಿಯುವುದು 9,19,000, ತಿಂಗಳಿಗೆ 76,600. ಅದರಲ್ಲಿ ನೌಕರನ ಪಾಲಿನ ಭವಿಷ್ಯನಿಧಿ 6,000, ಮಹಾರಾಷ್ಟ್ರದ ವೃತ್ತಿ ತೆರಿಗೆ 200 ಹೋಗುತ್ತದೆ. ಕೈಗೆ ಬರುವುದು 70,000ದ ಆಸುಪಾಸು. 2025-26ರ ಹೊಸ ಪದ್ಧತಿಯಲ್ಲಿ ಈ ಮೊತ್ತಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ ಎಂಬುದೊಂದು ಸಮಾಧಾನ. ಕಂಪನಿಯಿಂದ ಕಂಪನಿಗೆ ಭಾಗಗಳು ಬೇರೆ. ಭವಿಷ್ಯನಿಧಿಯನ್ನು ತಿಂಗಳಿಗೆ 1,800ಕ್ಕೆ ಮಿತಿ ಮಾಡುವವರೂ ಇದ್ದಾರೆ, ಸೇರುವಾಗ ಒಮ್ಮೆ ಮಾತ್ರ ಕೊಡುವ ಬೋನಸ್ಸನ್ನೂ ಒಟ್ಟು ಮೊತ್ತಕ್ಕೆ ಸೇರಿಸುವವರೂ ಇದ್ದಾರೆ. ಕೇಳಬೇಕಾದ ಪ್ರಶ್ನೆ ‘ಪ್ಯಾಕೇಜ್ ಎಷ್ಟು’ ಎಂದಲ್ಲ, ‘ಅದರಲ್ಲಿ ಪ್ರತಿ ತಿಂಗಳು ಖಾತ್ರಿಯಾಗಿ ಬರುವುದೆಷ್ಟು’ ಎಂದು. ಎದುರಿಗೆ ಓದಿಗೆಂದು ಮಾಡಿದ ಸಾಲ ಇಟ್ಟು ನೋಡಿ: 15 ಲಕ್ಷಕ್ಕೆ ಶೇ 10ರ ಬಡ್ಡಿಯಲ್ಲಿ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 19,800. ಓದುವಾಗ ಕಂತು ಇಲ್ಲ ಎಂದರೆ ಬಡ್ಡಿ ಇಲ್ಲ ಎಂದಲ್ಲ. ಅದು ಬೆಳೆಯುತ್ತಲೇ ಇರುತ್ತದೆ. ಸಾಧ್ಯವಿದ್ದ ಮನೆಯವರು ತಿಂಗಳ ಬಡ್ಡಿಯನ್ನಾದರೂ ಆಗಲೇ ಕಟ್ಟುತ್ತ ಬಂದರೆ ಮುಂದೆ ಕಂತು ಉಬ್ಬುವುದಿಲ್ಲ.

ಶುಲ್ಕಕ್ಕೆಂದು ಬ್ಯಾಂಕ್ ಸಾಲದ ಮುಂದಿನ ಭಾಗ ಬಿಡುಗಡೆ ಮಾಡುವುದೂ ಅನೇಕರಿಗೆ ಚಳಿಗಾಲದಲ್ಲೇ ಬರುತ್ತದೆ. ಇದಕ್ಕೆ ಬ್ಯಾಂಕ್ ಸಾಮಾನ್ಯವಾಗಿ ಕೇಳುವುದು ಕಾಲೇಜಿನ ಶುಲ್ಕ ಪತ್ರ, ಹಿಂದಿನ ಅವಧಿಯ ಅಂಕಪಟ್ಟಿ, ಹಿಂದೆ ಕಟ್ಟಿದ ಶುಲ್ಕದ ರಸೀದಿ. ಸಾಲ ಕೊಟ್ಟ ಶಾಖೆ ಊರಿನಲ್ಲಿ, ವಿದ್ಯಾರ್ಥಿ ಪುಣೆಯಲ್ಲಿ, ಸಹಿ ಹಾಕಬೇಕಾದ ಅಪ್ಪ ಹೊಲದಲ್ಲಿ. ಅಂಕಪಟ್ಟಿ ತಡವಾದರೆ ಎಲ್ಲವೂ ನಿಲ್ಲುತ್ತದೆ. ಅಂಥ ಸಂದರ್ಭದಲ್ಲಿ ಪರೀಕ್ಷಾ ವಿಭಾಗದಿಂದ ತಾತ್ಕಾಲಿಕ ಫಲಿತಾಂಶದ ಪತ್ರ ಪಡೆದು, ಶಾಖೆಯವರು ಅದನ್ನು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಶುಲ್ಕದ ಗಡುವಿಗೆ ಮೂರು ವಾರ ಮುಂಚೆ ಕಾಗದ ಕೊಟ್ಟವರು ದಂಡ ಕಟ್ಟುವುದು ತಪ್ಪುತ್ತದೆ.

ಸಂಕ್ರಾಂತಿಗೆ ಊರಿಗೆ ಬರುವವರು ಒಂದು ದಿನ ನೆನಪಿಟ್ಟುಕೊಳ್ಳಿ. ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರಿಗೂ ಮುನ್ನ ಅದು 120 ದಿನವಿತ್ತು. ಜನವರಿ 14ರ ಟಿಕೆಟ್ ಸಿಗುವುದು ನವೆಂಬರ್ 15ರಿಂದ. ಕಲಬುರಗಿ ಕಡೆಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಬಹಳ ಬೇಡಿಕೆ. ಹುಬ್ಬಳ್ಳಿ-ಬೆಳಗಾವಿಯವರಿಗೆ 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ವಂದೇ ಭಾರತ್ ಅನುಕೂಲವೇ, ಆದರೆ ಅದು ಆರಂಭವಾದದ್ದು ವಾರಕ್ಕೆ ಮೂರು ದಿನದ ಗಾಡಿಯಾಗಿ. ಓಡುವ ದಿನ ನೋಡಿಕೊಂಡು ರಜೆ ಹೊಂದಿಸಬೇಕು. ತತ್ಕಾಲ್ ಹಿಂದಿನ ದಿನ ಬೆಳಗ್ಗೆ ಹತ್ತಕ್ಕೆ ಎಸಿ, ಹನ್ನೊಂದಕ್ಕೆ ಸ್ಲೀಪರ್. ಆ ಹೊತ್ತಿಗೆ ಮಕ್ಕಳು ತರಗತಿಯಲ್ಲಿರುತ್ತಾರೆ, ಮನೆಯವರೇ ಪ್ರಯತ್ನಿಸುವುದು ಮೇಲು.

ಬುತ್ತಿ ಕಳಿಸುವವರಿಗೆ: ಚಳಿಗಾಲವೇ ಅದಕ್ಕೆ ಒಳ್ಳೆಯ ಕಾಲ. ಪುಣೆಯ ಒಣ ಗಾಳಿಯಲ್ಲಿ ಕಟಕ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ವಾರಗಟ್ಟಲೆ ಗರಿಗರಿ ಇರುತ್ತವೆ. ಶೇಂಗಾ ಚಟ್ನಿಪುಡಿಯಲ್ಲಿ ಎಣ್ಣೆ ಹೆಚ್ಚು, ತಿಂಗಳಾಗುವಷ್ಟರಲ್ಲಿ ಕಮಟು ವಾಸನೆ ಬರುತ್ತದೆ. ಕಾಲು ಕಿಲೋದ ಎರಡು ಪೊಟ್ಟಣ ಮಾಡಿ, ಒಂದನ್ನು ಮೊದಲು ಒಡೆಯಲು ಹೇಳಿ. ರಾತ್ರಿ ಹನ್ನೆರಡಕ್ಕೆ ಹಸಿವಾದಾಗ ಮ್ಯಾಗಿ, ಚಹಾಗಳ ಬದಲು ರೊಟ್ಟಿ-ಚಟ್ನಿ, ಮೆಸ್ಸಿನಿಂದ ತಂದ ಮೊಸರು ಇದ್ದರೆ ನಿದ್ದೆಯೂ ಬರುತ್ತದೆ. ಚಳಿಯಲ್ಲಿ ನೀರಡಿಕೆ ಗೊತ್ತಾಗದೆ ನೀರು ಕಡಿಮೆ ಕುಡಿದು, ಚಹಾ ಹೆಚ್ಚಾಗಿ, ಸಂದರ್ಶನದ ದಿನ ಗಂಟಲು ಕಟ್ಟುವುದು ಬಹಳ ಸಾಮಾನ್ಯ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸುವುದಕ್ಕೆ ಸಮನಾದದ್ದು ಇಲ್ಲ. ಮೂರು ದಿನ ಜ್ವರ ಇಳಿಯದಿದ್ದರೆ ಅಂಗಡಿಯಿಂದ ಆಂಟಿಬಯಾಟಿಕ್ ತರುವ ಬದಲು ವೈದ್ಯರ ಬಳಿ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು.

ಮುಂಬೈಯಲ್ಲಿ ಓದುವವರಿಗೆ ಚಳಿಯ ಕಾಟ ಇಲ್ಲ, ಹೊಗೆ-ಧೂಳಿನ ಕಾಟ ಇದೆ. ಗಾಳಿ ನಿಂತು ಬೆಳಗಿನ ಮಬ್ಬು ಕವಿದ ದಿನ ಓಡುವ ವ್ಯಾಯಾಮವನ್ನು ಸಂಜೆಗೆ ಹಾಕಿಕೊಳ್ಳಬೇಕು. ಲೋಕಲ್ ಗಾಡಿಯಲ್ಲಿ ಸಂದರ್ಶನಕ್ಕೆ ಹೋಗುವವರು ಕೋಟನ್ನು ಒಳಮೈ ಹೊರಗೆ ಮಾಡಿ ಮಡಚಿ ಚೀಲದಲ್ಲಿಟ್ಟುಕೊಂಡು, ಇಳಿದ ಮೇಲೆ ಹಾಕಿಕೊಳ್ಳಲಿ. ಗೋವಾದ ಸಾಖಳಿ ಕಡೆ ಓದುವವರಿಗೆ ಡಿಸೆಂಬರ್ ಕೊನೆಯ ವಾರ ಪ್ರವಾಸಿಗರ ನೂಕುನುಗ್ಗಲಿನಿಂದ ಬಸ್ಸು, ರೈಲು, ತಂದೆ-ತಾಯಿ ಬಂದರೆ ಉಳಿಯಲು ಕೋಣೆ, ಎಲ್ಲವೂ ದುರ್ಲಭ. ಭೇಟಿಗೆ ಜನವರಿ ಎರಡನೇ ವಾರ ಸೂಕ್ತ.

ಒಂದು ಸಂಜೆಯನ್ನಾದರೂ ಈ ಗಡಿಬಿಡಿಯಿಂದ ಬಿಡಿಸಿಕೊಳ್ಳಲಿ ಎಂದು ಮಕ್ಕಳಿಗೆ ಹೇಳುತ್ತಿರುತ್ತೇವೆ. ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಕಟ್ಟಿದ ಸಂಗೀತೋತ್ಸವ ಪ್ರತಿ ಡಿಸೆಂಬರಿನಲ್ಲಿ ಪುಣೆಯಲ್ಲೇ ನಡೆಯುತ್ತದೆ. ಧಾರವಾಡ ಸೀಮೆಯ ಮಗುವೊಂದು ಎರಡು ವರ್ಷ ಇಲ್ಲಿದ್ದು ಅದನ್ನು ಒಮ್ಮೆಯೂ ಕೇಳದೆ ಹೋಗಬಾರದು.

ನಮ್ಮ ಕೋರಿಕೆಗಳು ಇಷ್ಟು. ಹಾಸ್ಟೆಲ್ ನಡೆಸುವವರು ಡಿಸೆಂಬರ್, ಜನವರಿಯಲ್ಲಿ ಸೋಲಾರಿಗೆ ಪೂರಕವಾಗಿ ವಿದ್ಯುತ್ ಹೀಟರ್ ಚಾಲೂ ಇಟ್ಟು ಬೆಳಗ್ಗೆ ಎಂಟೂವರೆವರೆಗೆ ಬಿಸಿನೀರು ಕೊಡಲಿ. ಅಧ್ಯಾಪಕರು ಗಡುವನ್ನು ರಾತ್ರಿ 11:59ರ ಬದಲು ಸಂಜೆ ಏಳಕ್ಕೆ ಇಡಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಗುಂಪುಗಳು ತಾವಾಗಿಯೇ ಹಗಲಿನಲ್ಲಿ ಸೇರತೊಡಗುತ್ತವೆ. ಪುಣೆಯ ಕನ್ನಡ ಸಂಘ, ಮುಂಬೈಯ ಮೈಸೂರು ಅಸೋಸಿಯೇಷನ್‌ನಂಥ ಸಂಸ್ಥೆಗಳು ನವೆಂಬರಿನ ಭಾನುವಾರಗಳಲ್ಲಿ ಎರಡು ತಾಸಿನ ಅಣಕು ಸಂದರ್ಶನ ಏರ್ಪಡಿಸಿದರೆ, ಇಲ್ಲಿನ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಬಂದು ಪ್ರಶ್ನೆ ಕೇಳಲು ಸಿದ್ಧರಿದ್ದಾರೆ. ಬೇಕಾದದ್ದು ಒಂದು ಕೋಣೆ, ಎಂಟು ಕುರ್ಚಿ. ಕೊನೆಯದಾಗಿ ತಮ್ಮ ಪತ್ರಿಕೆಗೆ: ಪ್ಯಾಕೇಜಿನ ಸುದ್ದಿ ಹಾಕುವಾಗ ಅತಿ ಹೆಚ್ಚಿನ ಮೊತ್ತದ ಜೊತೆಗೆ ನಡುಮಧ್ಯದ ವಿದ್ಯಾರ್ಥಿಗೆ ಸಿಕ್ಕದ್ದೆಷ್ಟು, ಅದರಲ್ಲಿ ತಿಂಗಳ ಖಾತ್ರಿ ಸಂಬಳ ಎಷ್ಟು, ಎಷ್ಟು ಜನ ಆಯ್ಕೆಗೆ ಕೂತಿದ್ದರು ಎಂಬ ಮೂರು ಅಂಕಿಗಳನ್ನು ಕಾಲೇಜುಗಳಿಂದ ಕೇಳಿ ಪಡೆದು ಪ್ರಕಟಿಸಿ. ಅಕ್ಟೋಬರ್ ಕೊನೆಯ ವಾರದ ಶಿಕ್ಷಣ ಪುಟದಲ್ಲಿ ಗ್ಯಾಸ್ ಗೀಸರಿನ ಎಚ್ಚರಿಕೆಯನ್ನೂ ಸಾಲದ ಕಾಗದಗಳ ಪಟ್ಟಿಯನ್ನೂ ಒಂದು ಚೌಕಟ್ಟಿನಲ್ಲಿ ಹಾಕಿ. ವಿವರ ಬರೆದುಕೊಡುವ ಹೊಣೆ ನಮ್ಮದು.

ಇಂತಿ,
ಪುಣೆಯ ಮ್ಯಾನೇಜ್‌ಮೆಂಟ್ ಕಾಲೇಜುಗಳ ಕೆಲವು ಕನ್ನಡಿಗ ಅಧ್ಯಾಪಕರು ಮತ್ತು ಹಳೆಯ ವಿದ್ಯಾರ್ಥಿಗಳು
ಪುಣೆ